ಎದುರು ಮನೆಯ ಅಣ್ಣನ ಹಗುರ ಸೈಕಲ್ಲು

ಕಳೆದ ವಾರ ನೀರಿನ ಬಕೆಟ್ಟಿನ ಹಿಡಿಗೆ ಸುತ್ತಿದ್ದ ಕಪ್ಪು ಪಟ್ಟಿ ಬಿಚ್ಚಿಕೊಂಡಿತು. ಕೋಪರಖೈರಣೆಯ ನಮ್ಮ ಕಟ್ಟಡದಲ್ಲಿ ಆಗಾಗ ನೀರು ಬಂದ್ ಆಗುತ್ತದೆ. ಅಂಥ ದಿನ ಕೆಳಗಿನ ಟಾಕಿಯಿಂದ ಮೂರನೆಯ ಮಹಡಿಗೆ ನೀರು ಹೊರುವ ಬಕೆಟ್ಟು ಅದು. ಪಟ್ಟಿ ಅರ್ಧ ರಬ್ಬರು, ಅರ್ಧ ಬೆಂಡು ಎನ್ನುವಂಥದ್ದು. ಕೊನೆಯ ಸುತ್ತು ಸಡಿಲವಾಗಿ ಒಳಗಿನ ಅಂಟು ಬೆರಳಿಗೆ ಹತ್ತಿತು. ಮೂಗಿನ ಹತ್ತಿರ ಹಿಡಿದೆ. ಹಳೆಯ ಗೋಂದಿನ ವಾಸನೆ, ಅದರಡಿಯಲ್ಲಿ ಸಣ್ಣಗೆ ಚೈನಿನ ಎಣ್ಣೆಯದು… ಇಷ್ಟು ವರ್ಷದ ಮೇಲೆ ಎಣ್ಣೆಯ ವಾಸನೆ ಎಲ್ಲಿಂದ ಬರಬೇಕು, ನನಗೆ ಹಾಗನ್ನಿಸಿರಬೇಕು. ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಆ ಪಟ್ಟಿ ಸುತ್ತಿಕೊಟ್ಟವರು ಎದುರು ಮನೆಯ ಅಣ್ಣ. ಸೈಕಲ್ಲಿನ ಹ್ಯಾಂಡಲ್ಲಿಗೆ ಹೊಸ ಪಟ್ಟಿ ಸುತ್ತಿ ಮಿಕ್ಕದ್ದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಗ, ನೀರು ಹೊತ್ತು ಬಂದ ನನ್ನ ಅಂಗೈಯ ಮೇಲೆ ಕೆಂಪು ಗೆರೆ ಎದ್ದದ್ದು ಅವರ ಕಣ್ಣಿಗೆ ಬಿತ್ತು. "ಇಲ್ಲಿ ಕೊಡಮ್ಮಾ ಅದನ್ನ" ಎಂದು ಬಕೆಟ್ಟು ಇಸಿದುಕೊಂಡು, ಮೆಟ್ಟಿಲ ಮೇಲೇ ಕೂತು, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಅರ್ಧ ಕೂರುವ ಹಾಗೆ ನಿಧಾನವಾಗಿ ಸುತ್ತಿದರು. ಆಗ ಅವರ ಕೈ ಎಷ್ಟು ನೆಟ್ಟಗಿತ್ತು…

ಅವರು ಮೈಸೂರಿನ ಕಡೆಯವರು. ಬೇಲಾಪುರದ ಒಂದು ಆಫೀಸಿನಲ್ಲಿ ಹಣಕಾಸಿನ ಕೆಲಸ. ಐವತ್ತು ದಾಟಿತ್ತು. ಅವರ ಹೆಂಡತಿ ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಾವು ಉಡುಪಿ ಕಡೆಯವರು, ನಮ್ಮವರದು ಹೋಟೆಲ್ಲಿನ ಕೆಲಸ. ಮೈಸೂರಿನ ಕನ್ನಡವೂ ನಮ್ಮ ಕನ್ನಡವೂ ಆ ಎರಡು ಬಾಗಿಲುಗಳ ನಡುವೆ ದಿನವೂ ಓಡಾಡುತ್ತಿದ್ದವು. ಅವರಲ್ಲಿಂದ ಹುಳಿಪುಡಿ, ನಮ್ಮಲ್ಲಿಂದ ನೀರುದೋಸೆ. ನಾನು ಅಣ್ಣ ಎಂದೆ, ಅವರ ಹೆಂಡತಿ ತಾನಾಗಿ ಅತ್ತಿಗೆಯಾದರು.

ಸೈಕಲ್ಲು ಬಂದ ದಿನ ಕಟ್ಟಡವೇ ಸೇರಿತ್ತು. ಕಾರ್ಬನ್ನಿನ ರೇಸ್ ಸೈಕಲ್ಲು. ಕಪ್ಪು, ಮಂಕಾದ ಹೊಳಪು, ಬಾಗಿದ ಹ್ಯಾಂಡಲ್ಲು, ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಅನ್ನಬಹುದಾದ ಟಯರು. ವಾಚ್‌ಮನ್ ಅದನ್ನು ಎರಡು ಬೆರಳಲ್ಲಿ ಎತ್ತಿ, "ಅರೇ ಸಾಬ್, ಯೇ ತೋ ಕಾಗಜ್ ಕಾ ಹೈ!" ಎಂದು, ಕಾಗದದಲ್ಲಿ ಮಾಡಿದ್ದೇನೋ ಎಂಬಂತೆ ಬೆಪ್ಪಾದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ಬೆರಳಲ್ಲಿ ಎತ್ತುವುದು, ಹುಬ್ಬು ಏರಿಸುವುದು, ಪಕ್ಕದವರಿಗೆ ದಾಟಿಸುವುದು. ನನ್ನ ಅತ್ತೆ ಮಾತ್ರ ಸುತ್ತ ತಿರುಗಿ ನೋಡಿ ತಕರಾರು ತೆಗೆದರು.

"ಎಂತ ಮಾರಾಯ್ರೆ ಇದು! ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ, ಕ್ಯಾರಿಯರ್ ಇಲ್ಲ. ತರಕಾರಿ ಚೀಲ ಎಲ್ಲಿ ಇಡುದು?"

"ಇದ್ರಲ್ಲಿ ತರಕಾರಿ ತರಲ್ಲಮ್ಮ, ಗಾಳಿ ತಿನ್ಕೊಂಡು ಬರ್ತೀನಿ."

"ಗಾಳಿಯಾ? ಅದು ನಮ್ಮ ಬಾಲ್ಕನಿಯಲ್ಲೇ ಧರ್ಮಕ್ಕೆ ಸಿಗ್ತದಲ್ಲ!"

ಅಣ್ಣ ನಕ್ಕಿದ್ದು ಎರಡು ಮಹಡಿಗೆ ಕೇಳಿಸಿತು.

ಅವರು ಬೆಳಗ್ಗೆ ಬೇಗ ಎದ್ದು ಟಯರಿಗೆ ಗಾಳಿ ಹೊಡೆಯುತ್ತಿದ್ದರು. ಉದ್ದನೆಯ ಪಂಪಿನ ಆ ಉಸ್ ಉಸ್ ಸದ್ದಿಗೆ ನಾನು ಅಕ್ಕಿ ರುಬ್ಬಲು ಏಳುತ್ತಿದ್ದೆ. ಸೈಕಲ್ಲನ್ನು ಹೆಗಲಿಗೇರಿಸಿ, ಗಟ್ಟಿ ತಳದ ಬೂಟು ಟಕ್ ಟಕ್ ಎನ್ನಿಸುತ್ತ ಮೆಟ್ಟಿಲಿಳಿಯುವರು. ಒಮ್ಮೆ ಪಾಮ್ ಬೀಚ್ ರಸ್ತೆ, ಒಮ್ಮೆ ಖಾರ್ಘರಿನ ಗುಡ್ಡ, ರಜೆಯ ದಿನ ಠಾಣೆ ನಗರದ ತನಕ. ಬಂದ ಮೇಲೆ ನಮ್ಮ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತ ಸವಾರಿಯ ವರದಿ ಒಪ್ಪಿಸಬೇಕು. ಕೇಳುವವಳು ನಾನೊಬ್ಬಳೇ, ಅತ್ತಿಗೆಗೆ ಆ ಹೊತ್ತಿಗೆ ಪಾಠದ ಮಕ್ಕಳು.

"ಕಬ್ಬಿಣದ ಸೈಕಲ್ಲು ಎಮ್ಮೆ ಇದ್ದ ಹಾಗೆ ಕಣಮ್ಮಾ. ನಾವು ಹೇಳಿದ್ದು ಅದಕ್ಕೆ ಆಮೇಲೆ ಕೇಳ್ಸುತ್ತೆ. ಇದು ಹಾಗಲ್ಲ, ಅಂದ್ಕೊಂಡ್ರೆ ಸಾಕು, ಕೇಳಿಸ್ಕೊಳ್ಳುತ್ತೆ."

ತಿರುವಿನಲ್ಲಿ ಹ್ಯಾಂಡಲ್ಲು ತಿರುಗಿಸುವುದೇ ಬೇಡವಂತೆ. ಹೋಗಬೇಕಾದ ಕಡೆ ನೋಡಿ, ಸೊಂಟದಿಂದ ಇಷ್ಟೇ ಇಷ್ಟು ವಾಲಿದರೆ ಅದೂ ವಾಲಿತು. ಪೆಡಲಿನ ಮೇಲೆ ಎದ್ದುನಿಂತು ತುಳಿದರೆ, ತುಳಿದದ್ದು ಒಂದಿಷ್ಟೂ ಪೋಲಾಗದೆ ಚಕ್ರಕ್ಕೆ ಸೇರುತ್ತದಂತೆ. ರಸ್ತೆಯ ಸಣ್ಣ ಜುಮುಜುಮುವನ್ನು ಕಾರ್ಬನ್ನು ತಾನೇ ನುಂಗುತ್ತದೆ, ಆದರೆ ಹೊಂಡವನ್ನು ಮಾತ್ರ ಬೆನ್ನಿಗೇ ತಲುಪಿಸುತ್ತದೆ. ಖಾಡಿಯ ಉಪ್ಪುನೀರಿನ ಕಡೆಯಿಂದ ಅಡ್ಡಗಾಳಿ ಬಂದರೆ ಮುಂದಿನ ಚಕ್ರ ಪಕ್ಕಕ್ಕೆ ಸರಿದೇ ಬಿಡುತ್ತದೆ. ಆಗ ಹೆದರಿ ಬಿಗಿಯಾಗಿ ಹಿಡಿದರೆ ಕೆಟ್ಟಿತು. ಸಡಿಲ ಬಿಟ್ಟರೆ ತಾನೇ ಸರಿಹೋಗುತ್ತದೆ.

ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಮಲಗಿದ್ದ ಹೊತ್ತು, ಕೆಳಗಿನ ಕಾಂಪೌಂಡಿನಲ್ಲಿ ನನ್ನನ್ನೂ ಹತ್ತಿಸಿದರು. ಊರಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲು ಹೊಡೆದವಳು ನಾನು. ಅದೇ ಧೈರ್ಯದಲ್ಲಿ ಚೂಡಿದಾರದ ದುಪಟ್ಟಾ ಬಿಗಿದು ಕೂತೆ. ಸೀಟು ಇಳಿಸಿಕೊಟ್ಟರು. ಒಂದು ತುಳಿತಕ್ಕೆ ಅದು ಎಷ್ಟು ಮುಂದೆ ಹಾರಿತೆಂದರೆ ನಾನು ಹೋ ಎಂದು ಕೂಗಿ ಹ್ಯಾಂಡಲ್ಲನ್ನು ಅಮುಕಿ ಹಿಡಿದೆ. ಸೈಕಲ್ಲು ಹಾವಿನಂತೆ ಹೊರಳಿತು.

"ಬಿಡಮ್ಮಾ, ಬಿಡು! ನೀರುದೋಸೆ ಎತ್ತೋ ಹಾಗೆ ಹಿಡ್ಕೋ!"

ಬೆರಳ ತುದಿಯಲ್ಲಿ, ಹರಿಯದಂತೆ. ಹಾಗೆ ಹಿಡಿದ ಕ್ಷಣ ಅದು ನೆಟ್ಟಗಾಯಿತು. ಕಟ್ಟಡದ ಗೋಡೆ, ನಿಂತ ಸ್ಕೂಟರುಗಳು, ಒಣಹಾಕಿದ ಸೀರೆಗಳು ಎಲ್ಲವೂ ಸದ್ದಿಲ್ಲದೆ ಹಿಂದೆ ಸರಿದವು. ನನ್ನ ಮೈಯ ಭಾರ ನನಗೇ ಗೊತ್ತಾಗಲಿಲ್ಲ. ಇಳಿದಾಗ ಕಾಲು ನೆಲಕ್ಕೆ ಒಗ್ಗಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ ಅಣ್ಣನ ವರದಿ ಬದಲಾಯಿತು. ಸೈಕಲ್ಲು ಅದುರುತ್ತಿದೆ ಎಂದರು. ಎಡಗಡೆಗೆ ಎಳೆಯುತ್ತದೆ, ಮುಂದಿನ ಚಕ್ರ ನಡುಗುತ್ತದೆ. ಟಯರು ಬದಲಾಯಿಸಿದರು. ಚಕ್ರದ ಕಡ್ಡಿಗಳನ್ನು ಬಿಗಿ ಮಾಡಿಸಿದರು. ಹ್ಯಾಂಡಲ್ಲಿನ ಬುಡದ ಬೇರಿಂಗ್ ಬದಲಾಯಿಸಿದರು. ವಾರವಿಡೀ ಮನೆಯ ಹಾಲ್‌ನಲ್ಲಿ ಪೇಪರು ಹಾಸಿಕೊಂಡು, ಅದನ್ನು ತಲೆಕೆಳಗೆ ನಿಲ್ಲಿಸಿ, ಚಕ್ರ ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡುವರು. ಠಾಣೆಯ ಮೆಕ್ಯಾನಿಕ್ ಹತ್ತಿರ ಒಯ್ದರು. ಅವನು ಒಂದು ಸುತ್ತು ಹೋಗಿ, ಎರಡೂ ಕೈ ಬಿಟ್ಟುಕೊಂಡು ವಾಪಸು ಬಂದು, ಏನೂ ಆಗಿಲ್ಲ ಎಂದನಂತೆ.

"ಅವ್ನಿಗೇನು ಗೊತ್ತಮ್ಮಾ. ನಾನು ದಿನಾ ಓಡ್ಸೋನು" ಎಂದರು ಅಣ್ಣ. ಮೊದಲ ಸಲ ಅವರ ದನಿಯಲ್ಲಿ ಸಿಡುಕು ಕಂಡೆ.

ಕಾರಣವನ್ನು ನಮ್ಮ ಅತ್ತೆ ಕಂಡುಹಿಡಿದರು. "ಊರೆಲ್ಲ ಬೆರಳಲ್ಲಿ ಎತ್ತಿ ನೋಡಿದ್ದಾರೆ. ದೃಷ್ಟಿ ಆಗದೆ ಇರ್ತದಾ?" ಮಂಗಳವಾರ ಸಂಜೆ ಉಪ್ಪು, ಒಣಮೆಣಸು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಎದುರು ಮನೆಗೆ ಹೋದರು. ಹಿಂದಿನಿಂದ ನಾನು. ಸೈಕಲ್ಲನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದ್ದಾಯಿತು. ಅದಕ್ಕೆ ಸ್ಟ್ಯಾಂಡ್ ಇಲ್ಲದ್ದರಿಂದ ಅಣ್ಣನೇ ಪಕ್ಕದಲ್ಲಿ ಹಿಡಿದುಕೊಂಡು ನಿಂತರು. ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

"ನೀವೂ ಕೂತ್ಕೊಳ್ಳಿ, ಒಟ್ಟಿಗೆ ತೆಗೀತೇನೆ" ಎಂದರು ಅತ್ತೆ.

"ಈ ಬೋಳುತಲೆಗೆ ಯಾರಮ್ಮ ದೃಷ್ಟಿ ಹಾಕ್ತಾರೆ? ಸೈಕಲ್ಲಿಗೆ ಮಾತ್ರ ತೆಗೀರಿ."

ಅತ್ತೆ ಹ್ಯಾಂಡಲ್ಲಿನಿಂದ ಹಿಂದಿನ ಚಕ್ರದವರೆಗೆ ನಿವಾಳಿಸಿ, ಮೆಣಸನ್ನು ಒಲೆಗೆ ಹಾಕಿದರು. ಘಾಟೇ ಬರಲಿಲ್ಲ. "ನೋಡಿ, ಎಷ್ಟು ದೃಷ್ಟಿ ಇತ್ತು!" ಎಂದು ಗೆದ್ದವರಂತೆ ಕೈ ತೊಳೆದುಕೊಂಡರು. ಎಲ್ಲರೂ ನಕ್ಕೆವು. ಅಣ್ಣ ಸೀಟಿನ ಮೇಲಿಟ್ಟ ಎಡಗೈಯ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ತೀಡುತ್ತಿತ್ತು, ಮಾತ್ರೆ ಉರುಟು ಮಾಡಿದ ಹಾಗೆ. ಎಣ್ಣೆ ಹತ್ತಿರಬೇಕು, ಒರೆಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

ಆಮೇಲಿನ ಭಾನುವಾರ ಅವರು ನಮ್ಮ ಬಾಗಿಲು ಬಡಿದರು. "ಒಂದು ಉಪಕಾರ ಮಾಡಮ್ಮಾ. ಕೆಳಗೆ ಬಾ. ನೀನೊಂದು ಸುತ್ತು ಹೊಡಿ, ನಿನಗೂ ಅದುರುತ್ತಾ ನೋಡು."

ಇಳಿದು ಹೋದೆ. ಅವರು ಗೇಟಿನ ಹತ್ತಿರ ನಿಂತರು, ಅತ್ತಿಗೆ ಮೇಲೆ ಕಿಟಕಿಯಲ್ಲಿ. ನಾನು ಹತ್ತಿ, ಕಲಿಸಿಕೊಟ್ಟ ಹಾಗೇ ಬೆರಳ ತುದಿಯಲ್ಲಿ ಹಿಡಿದು ಒಂದು ಸುತ್ತು ಬಂದೆ. ಇನ್ನೊಂದು ಸುತ್ತು ಬಂದೆ. ಸೈಕಲ್ಲು ನೂಲು ಹಿಡಿದಂತೆ ಹೋಯಿತು. ಬೇಕೆಂದೇ ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಎಲ್ಲಿಯೂ ಒಂದು ಕೂದಲಷ್ಟು ಅದುರಲಿಲ್ಲ.

ಅವರ ಮುಂದೆ ಬಂದು ಬ್ರೇಕು ಹಿಡಿದಾಗ ಅವರ ಮುಖ ನೋಡಿದೆ. ಹೌದು ಅಣ್ಣ, ಅದುರ್ತದೆ ಎಂದು ನಾನು ಹೇಳಲಿ ಎಂದು ಆ ಮುಖ ಕಾಯುತ್ತಿತ್ತು. ಸೈಕಲ್ಲು ಕೆಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು…

"ನೆಟ್ಟಗೆ ಉಂಟು ಅಣ್ಣ" ಎಂದೆ.

ಅವರು ಸೈಕಲ್ಲನ್ನು ಬಲಗೈಯಲ್ಲಿ ಇಸಿದುಕೊಂಡರು. ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಮೇಲೆ ಕಿಟಕಿಯ ಪರದೆ ಮುಚ್ಚಿತು.

ಡಾಕ್ಟರು ಹೇಳಿದ ಹೆಸರು ಪಾರ್ಕಿನ್ಸನ್. ಚಹಾದ ಕಪ್ಪಿಗಾಗಲಿ, ಆಫೀಸಿನ ಪೆನ್ನಿಗಾಗಲಿ, ಪಕ್ಕದಲ್ಲೇ ಮಲಗುವ ಹೆಂಡತಿಗಾಗಲಿ ತಿಳಿಯುವ ಮೊದಲೇ ಆ ಸೈಕಲ್ಲಿಗೆ ತಿಳಿದಿತ್ತು. ಅಷ್ಟು ಹಗುರವಲ್ಲವೇ, ಕೈಯೊಳಗಿನ ಸಣ್ಣ ನಡುಕವೂ ಚಕ್ರಕ್ಕೆ ಇಳಿಯುತ್ತಿತ್ತು. ಬಿಗಿಯಾಗಿ ಹಿಡಿದರೆ ನಡುಕ ಕಡಿಮೆಯಾಗುತ್ತಿತ್ತು, ಆದರೆ ಆ ಸೈಕಲ್ಲು ಬಿಗಿ ಹಿಡಿತವನ್ನು ಸಹಿಸುತ್ತಿರಲಿಲ್ಲ. ಸಡಿಲ ಬಿಟ್ಟ ಕೂಡಲೇ ನಡುಕ ಬರುತ್ತಿತ್ತು. ಅವರಿಗೆ ದಾರಿಯೇ ಉಳಿದಿರಲಿಲ್ಲ.

ಕೆಲವು ತಿಂಗಳು ಅವರು ಒಂದು ಭಾರದ ಕಬ್ಬಿಣದ ಸೈಕಲ್ಲು ತಂದು ನಮ್ಮ ಗಲ್ಲಿಯಲ್ಲೇ ಓಡಿಸಿದರು. "ಇದಕ್ಕೆ ಕಿವಿ ಮಂದ ಕಣಮ್ಮಾ. ನನ್ನ ಕೈ ಏನ್ ಹೇಳಿದ್ರೂ ಕೇಳ್ಸಲ್ಲ" ಎಂದು ನಗುವರು. ಆದರೆ ಬಂದ ಮೇಲೆ ವರದಿ ಒಪ್ಪಿಸುವುದು ನಿಂತಿತು. ಹೇಳಲು ಏನಿರುತ್ತಿತ್ತು… ಮೂಲೆಯ ಮೆಡಿಕಲ್ ತನಕ ಹೋಗಿ ಬಂದದ್ದು.

ಕಪ್ಪು ಸೈಕಲ್ಲನ್ನು ಕೊಂಡೊಯ್ಯಲು ಡೊಂಬಿವಲಿಯಿಂದ ಒಬ್ಬ ಹುಡುಗಿ ಬಂದಳು. ಮರಾಠಿ ಹುಡುಗಿ, ರೇಸಿಗೆ ಅಭ್ಯಾಸ ಮಾಡುವವಳು. ಅಣ್ಣ ತಾವೇ ಸೀಟು ಸರಿಮಾಡಲು ಹೊರಟರು, ಸ್ಪ್ಯಾನರು ಬೋಲ್ಟಿಗೆ ಕೂರಲಿಲ್ಲ. ಹುಡುಗಿ ಮೆಲ್ಲನೆ ಇಸಿದುಕೊಂಡು ತಾನೇ ಬಿಗಿ ಮಾಡಿಕೊಂಡಳು. "ಹಲ್ಕೆ ಸೇ ಪಕಡನಾ, ಬೇಟಾ" ಎಂದರು ಅಣ್ಣ, ನನಗೆ ಹೇಳಿಕೊಟ್ಟ ಹಾಗೇ, ಹಗುರವಾಗಿ ಹಿಡಿ ಎಂದು. ಅವಳು ಗೇಟು ದಾಟಿ, ರಸ್ತೆಯ ಕೊನೆಯ ತನಕ ಎದ್ದುನಿಂತು ತುಳಿದು, ತಿರುವಿನಲ್ಲಿ ಹ್ಯಾಂಡಲ್ಲು ಅಲ್ಲಾಡಿಸದೆ ವಾಲಿ ಮರೆಯಾದಳು.

ಅಣ್ಣ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಾನು ನಿರೀಕ್ಷಿಸದ ಬೆಳಕಿತ್ತು. "ನೋಡ್ದ್ಯಾ? ಅದುರ್ಲೇ ಇಲ್ಲ. ಸೈಕಲ್ಲು ಚೆನ್ನಾಗಿದೆ ಕಣಮ್ಮಾ, ಚೆನ್ನಾಗೇ ಇದೆ." ಅದೇ ಮಾತನ್ನು ಮೆಟ್ಟಿಲು ಹತ್ತುವಾಗಲೂ ಹೇಳಿದರು. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಗೋಡೆಗೆ ಹಣೆ ಆನಿಸಿ ನಿಂತರು. ನಾನು ಪಕ್ಕದಲ್ಲಿ ನಿಂತೆ. ಅತ್ತಿಗೆ ಬಾಗಿಲು ತೆರೆದು ಇಳಿದು ಬಂದರು.

ಮೆಟ್ಟಿಲು ಕಷ್ಟವಾದ ಮೇಲೆ ಅವರು ಮೈಸೂರಿಗೆ ಹೊರಟುಹೋದರು. ಫೋನಿನಲ್ಲಿ ಅವರ ದನಿ ಸಲದಿಂದ ಸಲಕ್ಕೆ ಸಣ್ಣದಾಯಿತು. ಕೊನೆಗೆ ಅತ್ತಿಗೆಯೇ ಅವರ ಪರವಾಗಿ ಮಾತಾಡುತ್ತಿದ್ದರು. ಒಂದು ಬೆಳಗ್ಗೆ ಅತ್ತಿಗೆಯ ಫೋನು ಬಂದಾಗ, ಅವರು ಹೇಳುವ ಮೊದಲೇ ನನಗೆ ತಿಳಿಯಿತು. ನಮ್ಮ ಅತ್ತೆಯೂ ಈಗಿಲ್ಲ. ಎದುರು ಮನೆಗೆ ಎರಡು ಮೂರು ಬಾಡಿಗೆಯವರು ಬಂದು ಹೋದರು. ಅಲ್ಲಿ ಯಾರಿದ್ದರು ಎಂದು ಹೇಳಿದರೆ ಕೇಳಿಸಿಕೊಳ್ಳುವವರೂ ಕಟ್ಟಡದಲ್ಲಿ ಕಡಿಮೆ.

ಈಗ ನಾನು ಬೆಳಗ್ಗೆ ವಾಶಿಯ ಕಡೆ ಹೂವು ತರಲು ಹೋಗುವಾಗ, ರಿಕ್ಷಾ ಸಿಗ್ನಲ್ಲಿನಲ್ಲಿ ನಿಂತರೆ, ಪಕ್ಕದಲ್ಲಿ ಇಂಥ ಸೈಕಲ್ಲಿನವರು ಬಂದು ನಿಲ್ಲುತ್ತಾರೆ. ಒಂದು ಕಾಲು ನೆಲಕ್ಕೆ, ಒಂದು ಕಾಲು ಪೆಡಲಿಗೆ. ನಾನು ಅವರ ಸೈಕಲ್ಲು ನೋಡುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಹ್ಯಾಂಡಲ್ಲಿನ ಮೇಲಿನ ಕೈಗಳನ್ನೇ ನೋಡುತ್ತೇನೆ, ಎಡಗೈಯನ್ನು ಮೊದಲು. ನೆಟ್ಟಗಿರುತ್ತವೆ. ಸಿಗ್ನಲ್ಲು ಬಿಟ್ಟ ಕೂಡಲೇ ಅವರು ಸದ್ದಿಲ್ಲದೆ ಮುಂದೆ ಸಾಗಿಬಿಡುತ್ತಾರೆ, ಮತ್ತೆ ನನ್ನ ಬಾಗಿಲಿಗೆ ಬಂದು ರಸ್ತೆ ಹೇಗಿತ್ತೆಂದು ಯಾರೂ ಹೇಳುವುದಿಲ್ಲ.