ಆಚಾರ್ರ ಲಾಗಿನ್

ನಂಬದಿದ್ದರೆ ಬಿಡಿ, ನಾನೇನೂ ಆಣೆ ಹಾಕುವುದಿಲ್ಲ. ಆದರೆ ಇದು ನನಗೇ ಆದದ್ದು. ಹೇಳಲು ಭಯಕ್ಕಿಂತ ನಾಚಿಕೆಯೇ ಹೆಚ್ಚು.

ವಾಡಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ತೂಕದ ಕೋಣೆಯಲ್ಲಿದ್ದ ಲಾರಿ ತೂಕದ ವಿಂಡೋಸ್ ಸರ್ವರಿನಲ್ಲಿ ಬೇಡದ ಪ್ರೋಗ್ರಾಮ್ ಯಾವುದು ಶುರುವಾದರೂ ನನ್ನ ಮೊಬೈಲಿಗೆ ಅಲರ್ಟ್ ಬರುವಂತೆ ಮಾಡಿದ್ದೆ. ಒಂದು ರಾತ್ರಿ ಬಂತು. ಇಸ್ಪೀಟ್ ಆಟ ಶುರುವಾಗಿದೆ... ಲಾಗಿನ್ ಆಚಾರ್ರದು.

ಆಚಾರ್ರು ತೂಕದ ಕೋಣೆಯ ಹಳೆಯ ಇನ್‌ಚಾರ್ಜ್. ತೀರಿಕೊಂಡು ವರ್ಷ ದಾಟಿತ್ತು. ತೂಕದ ಸಾಫ್ಟ್‌ವೇರ್ ಮಾತ್ರ ಅವರ ಲಾಗಿನ್‌ನಲ್ಲೇ ಓಡುತ್ತಿತ್ತು. ತೆಗೆದರೆ ಎಲ್ಲಿ ತೂಕವೇ ನಿಂತುಹೋಗುತ್ತದೋ ಎಂದು ಯಾರೂ ಮುಟ್ಟಿರಲಿಲ್ಲ. ರಾತ್ರಿ ಪಾಳಿಯ ಮೆಹಬೂಬ್ ಚಾಚಾನೂ ಅದರಲ್ಲೇ ಕೆಲಸ ಮಾಡುತ್ತಿದ್ದರು. ಇನ್ಯಾರು ಆಡಿಯಾರು? ಅವರನ್ನು ಒಂದು ಮಾತೂ ಕೇಳದೆ ಮ್ಯಾನೇಜರಿಗೆ ಹೇಳಿಬಿಟ್ಟೆ. ಚಾಚಾನನ್ನು ಮನೆಗೆ ಕಳಿಸಿದರು, ಕೋಣೆಗೆ ರಾತ್ರಿ ಬೀಗ ಬಿತ್ತು. ಆಟವನ್ನು ನಾನೇ ಅಳಿಸಿ ಹಾಕಿದೆ.

ಮರುದಿನ ರಾತ್ರಿ ಚಾಚಾ ಶಹಾಬಾದಿನ ನಮ್ಮ ಮನೆಗೆ ಬಂದರು.

"ಸಾಹೇಬ್ರ, ಖುದಾ ಕಸಂ, ನನಗ ಇಸ್ಪೀಟ ಬರಂಗಿಲ್ರಿ. ಆಚಾರ್ರು ಆಡ್ತಿದ್ರು, ಖರೆ. ಲಾರಿ ಬರೂತನಕ ನಶ್ಯ ಏರಿಸ್ಕೋತ ಆಡ್ತಿದ್ರು. ಈ ನೌಕರಿ ಹೋದ್ರ ಈ ವಯಸ್ಸಿನ್ಯಾಗ ನನಗ ಯಾರ್ ಇಟ್ಕೋತಾರ್ರಿ?"

"ಸತ್ತೋರ ಮ್ಯಾಲ ಹಾಕಬ್ಯಾಡ್ರಿ ಚಾಚಾ," ಎಂದೆ ಬಿರುಸಾಗಿ.

ಆಗಲೇ ಮೊಬೈಲ್ ಗುಂಯ್ಗುಟ್ಟಿತು. ಇಸ್ಪೀಟ್ ಆಟ. ಆಚಾರ್ರ ಲಾಗಿನ್. ಕೋಣೆಯ ಕೀಲಿಕೈ ನನ್ನ ಜೇಬಿನಲ್ಲೇ ಇತ್ತು...

ಇಬ್ಬರೂ ಬೈಕ್ ಹತ್ತಿ ಹೋದೆವು. ಬೀಗ ಹಾಕಿದಂತೆಯೇ ಇತ್ತು. ಒಳಗೆ ಮೌಸ್ ಒತ್ತುವ ಸದ್ದು. ಟಿಕ್... ಟಿಕ್... ಅವಸರವಿಲ್ಲದೆ, ಯೋಚಿಸಿ ಆಡುವವರ ಹಾಗೆ. ಬಾಗಿಲು ತೆರೆದೆ. ಯಾರೂ ಇಲ್ಲ. ಪರದೆಯ ಮೇಲೆ ಎಲೆಗಳು ಅರ್ಧ ಹರಡಿದ್ದವು. ಮೂಗಿಗೆ ಘಾಟು ನಶ್ಯದ ವಾಸನೆ. ಹೊರಗಿನಿಂದ ನೆಟ್‌ವರ್ಕ್ ಮೂಲಕ ಯಾರಾದರೂ ಸರ್ವರಿನೊಳಗೆ ಬಂದಿದ್ದಾರೋ ಎಂದು ನೋಡಿದೆ. ಯಾರೂ ಇರಲಿಲ್ಲ.

ಚಾಚಾ ಮೆಲ್ಲಗೆ ಖಾಲಿ ಕುರ್ಚಿಗೆ ಹೇಳಿದರು, "ಆಚಾರ್ರ, ಸಾಕ್ ಏಳ್ರಿ. ಲಾರಿ ಬಂದದ."

ಆಟ ತಾನಾಗಿಯೇ ಮುಚ್ಚಿಕೊಂಡಿತು.

ಇದನ್ನು ಮ್ಯಾನೇಜರಿಗೆ ಹೇಗೆ ಹೇಳುವುದು? ಅಲರ್ಟನ್ನೇ ತಪ್ಪಾಗಿ ಮಾಡಿದ್ದೆ ಎಂದೆ. ಎಲ್ಲರೆದುರು ಬೈಸಿಕೊಂಡೆ. ಚಾಚಾ ಕೆಲಸಕ್ಕೆ ಮರಳಿದರು, ನನ್ನ ಮೇಲೆ ಒಂದಿಷ್ಟೂ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಅಲರ್ಟ್ ಈಗಲೂ ಬರುತ್ತದೆ. ಅದರ ಬೆನ್ನಿಗೇ ಚಾಚಾನ ಫೋನು.

"ಸಾಹೇಬ್ರ... ನಾ ಅಲ್ರಿ."

ಅವರ ಹಿಂದೆ ಟಿಕ್... ಟಿಕ್... ನಡೆದೇ ಇರುತ್ತದೆ. ಗೊತ್ತು ಚಾಚಾ ಎನ್ನಲೂ ನನಗೆ ಬಾಯಿ ಬರುವುದಿಲ್ಲ.