ಹೋಟೆಲ್ ಮುಂದಿನ ಕಸ

ಮೆಡಿಕಲ್ ಓದುವಾಗ ನನಗೆ ಹಮ್ಮು ಸ್ವಲ್ಪ ಜಾಸ್ತಿಯೇ ಇತ್ತು. ಈಗಲೂ ಪೂರ್ತಿ ಇಳಿದಿಲ್ಲ. ನಮ್ಮ ಮೂವರು ಗೆಳತಿಯರನ್ನು ತರಬೇತಿಗೆಂದು ಶಿಕಾರಿಪುರಕ್ಕೆ ಹಾಕಿದಾಗ, ಮನೆಮಠ ಇಲ್ಲದವರನ್ನು ಆಸ್ಪತ್ರೆಗೆ ತಲುಪಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ನಾನು ಸೊರಬ ಕಡೆಯವಳು, ಜನರ ಹತ್ತಿರ ಮಾತಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದುಕೊಂಡಿದ್ದೆ.

ಬಸ್ ಸ್ಟ್ಯಾಂಡಿನ ಎದುರು ಹೋಟೆಲ್ ಕಟ್ಟೆಯ ಮೇಲೆ ಮಲಗುತ್ತಿದ್ದ ಅಜ್ಜಿಯೊಬ್ಬಳ ಕಾಲಿನ ಹೆಬ್ಬೆರಳು ಕೊಳೆಯತೊಡಗಿತ್ತು. ಸಕ್ಕರೆ ಕಾಯಿಲೆ. ಆ ವಾರವೇ ಅಡ್ಮಿಟ್ ಆಗದಿದ್ದರೆ ಪಾದವೇ ಹೋಗುತ್ತಿತ್ತು. ಆಧಾರ್ ಇಲ್ಲ, ವಿಳಾಸ ಇಲ್ಲ, ಜೊತೆಗಿರಲು ಯಾರೂ ಇಲ್ಲ. ಎರಡು ದಿನ ಓಡಾಡಿ ಎಲ್ಲವನ್ನೂ ಸರಿಮಾಡಿಸಿದೆ. ಜೊತೆಗಿರುವವಳು ತಾನೇ ಎಂದು ನಮ್ಮಲ್ಲೊಬ್ಬಳು ಸಹಿ ಹಾಕಿದಳು. ಹಾಸಿಗೆಯೂ ಸಿಕ್ಕಿತು. ಅಜ್ಜಿ ಮಾತ್ರ ಬರಲೊಲ್ಲೆ ಎಂದಳು.

ಬೈದೆ. ಕಾಲು ಕತ್ತರಿಸಬೇಕಾಗುತ್ತದೆ ಎಂದು ಹೆದರಿಸಿದೆ. ಜಗ್ಗುವ ಪೈಕಿಯಲ್ಲ ಅವಳು. ಮೂರನೇ ದಿನ ಸಿಟ್ಟು ಇಳಿದ ಮೇಲೆ, ಯಾಕೆ ಬರುವುದಿಲ್ಲ ಎಂದು ಮೊದಲ ಸಲ ಕೇಳಿದೆ.

"ಬೆಳಗ್ಗೆ ಇಲ್ಲಿ ಕಸ ಹೊಡಿತೀನಿ, ಅದಕ್ಕೇ ಎರಡು ಹೊತ್ತು ಊಟ, ಮಲಗಾಕೆ ಈ ಕಟ್ಟೆ. ಹತ್ತು ದಿನ ಆಸ್ಪತ್ರೇಲಿ ಬಿದ್ಕೊಂಡ್ರೆ ಪೊರಕೆ ಬೇರೇರ ಕೈಗೆ ಹೋಗ್ತೈತಿ. ಆಮೇಲೆ ಈ ಕಾಲು ತಗೊಂಡು ಎಲ್ಲಿಗೆ ಹೋಗ್ಲವ್ವ?"

ನಾಚಿಕೆಯಾಯಿತು. ಅಷ್ಟು ದಿನ ನಾನು ನೋಡಿದ್ದು ಅವಳ ಬೆರಳನ್ನು ಮಾತ್ರ. ಹೋಟೆಲಿನವರ ಹತ್ತಿರ ಹೋಗಿ, ಅಜ್ಜಿ ಬರುವವರೆಗೆ ಕಸ ನಾವು ಗುಡಿಸುತ್ತೇವೆ, ಜಾಗ ಅವಳದೇ ಇರಲಿ ಎಂದೆ. ಅವರು ನಕ್ಕು ಒಪ್ಪಿದರು. ಅಜ್ಜಿ ನಂಬಲಿಲ್ಲ. ಮರುದಿನ ಬೆಳಿಗ್ಗೆ ನಾನು ಗುಡಿಸುವುದನ್ನು ಕಟ್ಟೆಯ ಮೇಲೆ ಕೂತು ಕೊನೆಯವರೆಗೂ ನೋಡಿ, ಆಮೇಲೆ ಆಟೋ ಹತ್ತಿದಳು.

ಹೆಬ್ಬೆರಳು ಹೋಯಿತು, ಪಾದ ಉಳಿಯಿತು. ಹನ್ನೆರಡು ದಿನ ನಾವು ಮೂವರು ಪಾಳಿಯ ಮೇಲೆ ಗುಡಿಸಿದೆವು. ನಮ್ಮ ಕಡೆಯ ಜಡೆ ಊರಿನ ನೆಂಟರೊಬ್ಬರು ಬಸ್ಸಿನ ಕಿಟಕಿಯಿಂದ ನನ್ನನ್ನು ಕಂಡು, ನಿಮ್ಮ ಮಗಳು ಓದು ಬಿಟ್ಟಳೇ ಎಂದು ಅಪ್ಪನಿಗೆ ಫೋನ್ ಮಾಡಿದರಂತೆ.

ಹದಿಮೂರನೇ ದಿನ ಅಜ್ಜಿ ಕೋಲೂರಿಕೊಂಡು ಬಂದಳು. ಮೊದಲು ಕಟ್ಟೆ ನೋಡಿದಳು. ಖಾಲಿಯೇ ಇತ್ತು. ಆಮೇಲೆ ನಾನು ಆಗಷ್ಟೇ ಗುಡಿಸಿ ಮುಗಿಸಿದ್ದ ಜಾಗ ನೋಡಿದಳು. ಬೆಂಚಿನ ಕೆಳಗೆ ಉಳಿದಿದ್ದ ಬೀಡಿ ತುಂಡುಗಳನ್ನು ಕೋಲಿನಿಂದ ಎಳೆದು ನನ್ನ ಕಾಲ ಬಳಿ ಹಾಕಿದಳು. ಇನ್ನೊಂದು ವಾರ ಕಾಲೂರಿ ಕೆಲಸ ಮಾಡುವಂತಿಲ್ಲ ಎಂದು ನಾನು ನೆನಪಿಸಿದೆ.

"ಗೊತ್ತೈತಿ. ನೀನೇ ಹೊಡಿ. ನಾ ಕುಂತು ಹೇಳಿಕೊಡ್ತೀನಿ."

ಇನ್ನೊಂದು ವಾರ ಗುಡಿಸಿದೆ, ಬೆಂಚಿನ ಕೆಳಗೂ.