ಬೀರುವಿನೊಳಗಿನ ವೈಫೈ ಡಬ್ಬಿ

ನಮ್ಮ ಬೀದಿಗೆಲ್ಲ ಇಂಟರ್ನೆಟ್ ರಿಪೇರಿ ಮಾಡುತ್ತಿದ್ದವರನ್ನು ಎಲ್ಲರೂ ಲೈನಣ್ಣ ಎನ್ನುತ್ತಿದ್ದರು. ಐವತ್ತು ದಾಟಿದವರು. ಶೂ ಹೊರಗೆ ಬಿಟ್ಟು, ಹೆಬ್ಬೆರಳ ಬಳಿ ತೂತಾದ ಕಾಲುಚೀಲದಲ್ಲಿ ಸದ್ದಿಲ್ಲದೆ ಒಳಗೆ ಬರುವರು. ಒಳಗೆ ಗಾಜಿನೆಳೆಯಿರುವ ಇಂಟರ್ನೆಟ್ ತಂತಿ ಕತ್ತರಿಸಿದಾಗ ಉದುರುವ ಕೂದಲೆಳೆಯಂಥ ಚೂರುಗಳನ್ನು ಟೇಪಿಗೆ ಒತ್ತಿ ತೆಗೆದು, ಆ ಟೇಪನ್ನು ತಮ್ಮ ತೋಳಿಗೇ ಅಂಟಿಸಿಕೊಳ್ಳುವರು.

"ಅಂಬೆಗಾಲಿಡೋ ಮಗು ಇರೋ ಮನೆ ನೋಡಿ ಅಮ್ಮ. ಚುಚ್ಚಿದ್ರೆ ಕಣ್ಣಿಗೂ ಕಾಣಲ್ಲ."

ಆ ಮಗುವಿನದೇ ನನ್ನ ಚಿಂತೆಯೂ. ವೈಫೈ ಅಲೆಗಳು ಎಳೆತಲೆಗೆ ಕೆಡುಕು ಎಂದು ಎಲ್ಲೋ ಓದಿದ್ದೆ. ಅಂದಿನಿಂದ ಡಬ್ಬಿಯನ್ನು ಕಬ್ಬಿಣದ ಬೀರುವಿನಲ್ಲಿ ಬಟ್ಟೆಗಳ ಹಿಂದಿಟ್ಟು, ತಂತಿ ನುಸುಳುವಷ್ಟೇ ಸಂದು ಬಿಟ್ಟು ಬಾಗಿಲು ಮುಚ್ಚುತ್ತಿದ್ದೆ. ಲೈನಣ್ಣ ಬರುವ ಹೊತ್ತಿಗೆ ಮಾತ್ರ, ನಕ್ಕಾರೆಂಬ ನಾಚಿಕೆಗೆ, ತೆಗೆದು ಮೇಜಿನ ಮೇಲಿಡುತ್ತಿದ್ದೆ. ಆಮೇಲಾಮೇಲೆ ಇಂಟರ್ನೆಟ್ ವೇಗ ಕುಸಿಯಿತು; ಅದಕ್ಕೆ ಲೈನೇ ಕಾರಣವೆಂದು ನಂಬಿದ್ದೆ.

ಮೂರು ದೂರಿಗೆ ಮೂರು ಸಲ ಬಂದರು. ಕಂಬ ಹತ್ತಿದರು, ಜೋಡಣೆ ಬದಲಿಸಿದರು, ಫೋನಿನಲ್ಲಿ ವೇಗ ಅಳೆದರು. ಎಲ್ಲ ಸರಿ.

"ನನ್ನ ಕಂಡ್ರೆ ನಿಮ್ಮ ಲೈನಿಗೆ ಭಯಭಕ್ತಿ ಅಮ್ಮ. ಮೆಟ್ಟಿಲಿಳಿದ್ರೆ ಮತ್ತೆ ಮುಷ್ಕರ!" ಎಂದು ನಕ್ಕವರು ದನಿ ತಗ್ಗಿಸಿದರು. "ಒಂದೇ ಮನೆಯಿಂದ ನಾಲ್ಕನೇ ದೂರು ಹೋದ್ರೆ ನನ್ನ ಕೆಲಸಕ್ಕೇ ಕುತ್ತು. ಆಫೀಸಿಗೆ ಬೇಡ, ನಂಗೇ ಒಂದು ಫೋನ್ ಹಾಕಿ."

ಮರುವಾರ ಮಗುವಿಗೆ ಜ್ವರ. ವೀಡಿಯೊದಲ್ಲಿ ಡಾಕ್ಟರ ಮುಖ ಬಾಯಿ ತೆರೆದಂತೆಯೇ ನಿಂತುಹೋಯಿತು. ಆ ಗಾಬರಿಯಲ್ಲಿ ಆಫೀಸಿಗೇ ದೂರು ಕೊಟ್ಟುಬಿಟ್ಟೆ.

ಅರ್ಧ ಗಂಟೆಯಲ್ಲಿ ಲೈನಣ್ಣ ಹೇಳದೆ ಕೇಳದೆ ಬಂದರು. ಮೇಜು ಖಾಲಿ. ತಂತಿಯ ಜಾಡು ಹಿಡಿದು ಹೋಗಿ ಬೀರು ತೆರೆದರು. ಬಟ್ಟೆ ಸರಿಸಿ ಡಬ್ಬಿ ಹೊರತೆಗೆದರು.

"ಮಗೂಗೋಸ್ಕರ ಇಟ್ರಾ?"

ಹೂಂಗುಟ್ಟಿದೆ.

"ನನ್ನವಳೂ ಹಂಗೇ. ಮಗಳು ಚಿಕ್ಕವಳಿದ್ದಾಗ ಫ್ರಿಜ್ ಕಂಡ್ರೂ ಹೆದರೋಳು." ಡಬ್ಬಿಯನ್ನು ಮೇಜಿಗಿಟ್ಟು ಪೆನ್ನು ತೆಗೆದರು. "ಕಾರಣ ಏನಂತ ಬರೀಲಿ ಅಮ್ಮ?"

ಪಕ್ಕದ ಕೋಣೆಯಲ್ಲಿ ನಮ್ಮವರಿದ್ದರು. ನಾನು ಬಾಯಿ ಬಿಡಲಿಲ್ಲ. ಅವರು ಕಾದರು. ಆಮೇಲೆ ‘ಲೈನಿನ ದೋಷ’ ಎಂದು ಬರೆದುಕೊಂಡು ಹೋದರು.

ಮರುದಿನ ಆಫೀಸಿಗೆ ಫೋನ್ ಮಾಡಿದೆ. "ಮುಗಿದ ದೂರು ವಾಪಸ್ ತಗೊಳ್ಳೋಕಾಗಲ್ಲ ಮೇಡಂ," ಎಂದರು.

ತಿಂಗಳಾದ ಮೇಲೆ ತಂತಿ ಬದಲಿಸಲು ಬಂದವರು ಬೇರೆಯವರು.

"ಲೈನಣ್ಣ ಬರಲಿಲ್ವಾ?"

"ತೆಗೆದ್ರಲ್ಲ ಮೇಡಂ. ದೂರು ಜಾಸ್ತಿ ಇತ್ತಂತೆ."

ಶೂ ಕಾಲಲ್ಲೇ ಓಡಾಡಿ, ತಂತಿ ಕತ್ತರಿಸಿ, ಜೋಡಿಸಿ ಹೊರಟರು. ಇಂಟರ್ನೆಟ್ ಚೆನ್ನಾಗಿಯೇ ಓಡುತ್ತಿತ್ತು. ನಾನು ಮಗುವನ್ನು ತೊಟ್ಟಿಲಿನಲ್ಲಿ ಕೂಡಿಸಿ, ಬೆರಳಿಗೆ ಟೇಪ್ ಸುತ್ತಿಕೊಂಡು, ಮೊಣಕಾಲೂರಿ ನೆಲವನ್ನು ಅಂಗುಲ ಅಂಗುಲವಾಗಿ ಒತ್ತುತ್ತ ಹೋದೆ.